ಕಲ್ಲಚ್ಚಿನಿಂದ ಹೆಂಚಿನವರೆಗೆ

ಪ್ರತಿ ವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. 1843ರ ಅದೇ ದಿನ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಅದರ ಸಂಪಾದಕ ಹರ್ಮನ್ ಮೋಗ್ಲಿಂಗ್‌ನ ಹೆಸರನ್ನು ಅಂದಿನ ಭಾಷಣಗಳಲ್ಲಿ ತಪ್ಪದೆ ನೆನೆಯುತ್ತಾರೆ. ಆದರೆ ಆ ಪತ್ರಿಕೆ ಅಚ್ಚಾದದ್ದು ಸೀಸದ ಮೊಳೆಗಳಿಂದಲ್ಲ, ಒಂದು ಕಲ್ಲಿನ ಹಲಗೆಯಿಂದ ಎಂಬ ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಕಡಲಾಚೆಯಿಂದ ಬಂದ ಮಿಶನರಿಗಳು ಕರಾವಳಿಯ ಮಳೆ, ಮಣ್ಣು ಮತ್ತು ಲಿಪಿಯೊಂದಿಗೆ ನಡೆಸಿದ ದಿನನಿತ್ಯದ ಹೆಣಗಾಟದ ಕಥೆ ಆ ಕಲ್ಲಿನಿಂದಲೇ ಆರಂಭವಾಗುತ್ತದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿನಲ್ಲಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು ಬಹಳ ಮಂದಿ ಇದ್ದರು. ಬ್ರಿಟಿಷರಲ್ಲದ ಮಿಶನರಿಗಳು ಭಾರತಕ್ಕೆ ಬರಲು ದಾರಿ ತೆರೆದದ್ದು 1833ರ ಚಾರ್ಟರ್ ಕಾಯಿದೆ. ಮರುವರ್ಷವೇ ಸಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರು ಮುಟ್ಟಿದರು. ಮೋಗ್ಲಿಂಗ್ ಬಂದದ್ದು 1836ರಲ್ಲಿ.

ಆಗಿನ ಮಂಗಳೂರಿಗೆ ರೈಲಿರಲಿಲ್ಲ. ರೈಲು ಬಂದದ್ದು 1907ರಲ್ಲಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಲ್ಲಿಯವರೆಗೆ ಯುರೋಪಿನಿಂದ ಭಾರವಾದ ಸರಕು ಬರಬೇಕಾದರೆ ಹಡಗು ಆಫ್ರಿಕ ಖಂಡವನ್ನೇ ಸುತ್ತಿಕೊಂಡು ಬರಬೇಕಿತ್ತು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಾಗೆ ಬಂದ ಹಡಗಾದರೂ ದಡಕ್ಕೆ ತಾಗುವಂತಿರಲಿಲ್ಲ. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ. ಹಡಗು ಹೊರಗೆ ಲಂಗರು ಹಾಕುತ್ತಿತ್ತು, ಸರಕು ದೋಣಿಗಳಲ್ಲಿ ಬರುತ್ತಿತ್ತು. ಮಳೆಗಾಲ ಹಿಡಿಯಿತೆಂದರೆ ಅದೂ ಇಲ್ಲ. ಯಂತ್ರದ ಒಂದು ತಿರುಪು ಮುರಿದರೆ ಮತ್ತೊಂದನ್ನು ತರಿಸಿಕೊಳ್ಳಲು ಎಷ್ಟು ಕಾಯಬೇಕಿತ್ತು ಎಂಬುದನ್ನು ಊಹಿಸಬಹುದು.

ಇಂಥ ಸ್ಥಿತಿಯಲ್ಲಿ ಅವರಿಗೆ ತುರ್ತಾಗಿ ಬೇಕಾದದ್ದು ಅಚ್ಚುಕೂಟ. ಶಾಲೆಗೆ ಪುಸ್ತಕ, ಪ್ರಚಾರಕ್ಕೆ ಕರಪತ್ರ ಬೇಕಿತ್ತು. ಆದರೆ ಕನ್ನಡವನ್ನು ಮೊಳೆಗಳಲ್ಲಿ ಜೋಡಿಸುವುದು ಇಂಗ್ಲಿಷನ್ನು ಜೋಡಿಸಿದಂತಲ್ಲ. ಕಾಗುಣಿತದ ರೂಪಗಳು, ಒತ್ತಕ್ಷರಗಳು, ದೀರ್ಘ, ಸೊನ್ನೆ ಎಲ್ಲ ಸೇರಿ ನೂರಾರು ಬಗೆಯ ಮೊಳೆಗಳು ಬೇಕು. ಅಕ್ಷರದ ಕೆಳಗೆ ಒತ್ತು ಕೂರಲು ಸಾಲುಗಳ ನಡುವೆ ಜಾಗವೂ ಬೇಕು. ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ್ದ. ಮದರಾಸು, ಬಳ್ಳಾರಿಗಳಲ್ಲೂ ಕನ್ನಡ ಮೊಳೆಗಳಿದ್ದವು. ಆದರೆ ಮಂಗಳೂರಿನಿಂದ ಅವೆಲ್ಲ ದೂರ.

ಪರಿಹಾರ ದೊರೆತದ್ದು ಮುಂಬಯಿಯಿಂದ. 1841ರಲ್ಲಿ ಅಲ್ಲಿಂದ ಒಂದು ಕಲ್ಲಚ್ಚಿನ ಯಂತ್ರ ಬಂತು. ಅದರೊಂದಿಗೆ ಕೆಲಸ ಬಲ್ಲ ಇಬ್ಬರು ಮರಾಠಿ ಭಾಷಿಕರೂ ಬಂದರು. ಕಲ್ಲಚ್ಚು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬವೇರಿಯದ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ವಿದ್ಯೆ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬ ಸರಳ ಸತ್ಯವೇ ಅದರ ತಳಹದಿ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು, ಇಲ್ಲವೆ ಕಾಗದದ ಮೇಲೆ ಬರೆದುದನ್ನು ಕಲ್ಲಿಗೆ ಒತ್ತಿ ಇಳಿಸಬೇಕು. ಆಮೇಲೆ ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿಯ ಉರುಳೆಯನ್ನು ಹಾಯಿಸಿದರೆ, ಬರೆದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಒದ್ದೆಯಿರುವ ಕಡೆ ಹಿಡಿಯುವುದಿಲ್ಲ. ಮೇಲೆ ಕಾಗದವಿಟ್ಟು ಒತ್ತಿದರೆ ಅಚ್ಚು ಸಿದ್ಧ.

ಕನ್ನಡದ ಮಟ್ಟಿಗೆ ಇದೊಂದು ವರವೇ ಆಯಿತು. ಮೊಳೆಯ ಗೊಡವೆಯಿಲ್ಲ. ಕೈಬರಹ ಚೆನ್ನಾಗಿದ್ದವನೊಬ್ಬ ಇದ್ದರೆ ಎಂಥ ಒತ್ತಕ್ಷರವೂ ತೊಡಕಲ್ಲ. ಓಲೆಗರಿಯ ಪ್ರತಿಗಳನ್ನು ಓದಿ ರೂಢಿಯಿದ್ದ ಜನರಿಗೆ ಆ ಅಕ್ಷರ ಅಪರಿಚಿತವೆನಿಸುವಂತೆಯೂ ಇರಲಿಲ್ಲ. ತುಳು ಭಾಷೆ ಮೊದಲ ಬಾರಿಗೆ ಪುಸ್ತಕರೂಪದಲ್ಲಿ ಅಚ್ಚಾದದ್ದೂ ಕನ್ನಡ ಲಿಪಿಯಲ್ಲಿ, ಇದೇ ಕಲ್ಲಿನ ಮೇಲೆ. 1848ರಿಂದ ಮೋಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಹಳೆಯ ಕೃತಿಗಳನ್ನು ಹೊರತಂದದ್ದು ಕಲ್ಲಚ್ಚಿನಲ್ಲಿಯೇ. ಅದಕ್ಕೆ ಹಣ ನೀಡಿದವನು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶ. ಕ್ರೈಸ್ತ ಮತ ಪ್ರಚಾರಕ್ಕೆ ಬಂದ ಸಂಸ್ಥೆಯ ಯಂತ್ರದಿಂದ ಶಿವಶರಣರ, ಹರಿದಾಸರ ಕೃತಿಗಳು ಹೊರಬಂದವು.

ಆದರೆ ಕಲ್ಲಿನ ಕಾಟವೂ ಕಡಿಮೆಯಿರಲಿಲ್ಲ. ಕಲ್ಲು ಭಾರ. ಸೆಕೆಯಲ್ಲಿ ಅದು ಒಣಗಿದರೆ ಮಸಿ ಎಲ್ಲೆಡೆ ಹಬ್ಬುತ್ತದೆ. ಒಂದು ಪದ ತಪ್ಪಿದರೆ ತಿದ್ದುವುದು ಕಷ್ಟ. ಹೆಚ್ಚು ಪ್ರತಿ ತೆಗೆದಷ್ಟೂ ಬರಹ ಸವೆಯುತ್ತದೆ. ಎರಡು ವಾರಕ್ಕೊಮ್ಮೆ ಹೊರಡುತ್ತಿದ್ದ ‘ಮಂಗಳೂರ ಸಮಾಚಾರ’ದ ಪ್ರತಿಯೊಂದು ಸಂಚಿಕೆಯನ್ನೂ ಆರಂಭದಿಂದ ಕೊನೆಯವರೆಗೆ ಕೈಯಲ್ಲೇ ಬರೆಯಬೇಕಾಗಿತ್ತು. 1844ರಲ್ಲಿ ಪತ್ರಿಕೆ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಗೆ ಹೋಯಿತು. ಅಲ್ಲಿನ ಲಂಡನ್ ಮಿಶನ್ ಅಚ್ಚುಕೂಟದಲ್ಲಿ ಮೊಳೆಗಳಿದ್ದವು. ಅಲ್ಲಿ ಅದು ಹೆಚ್ಚು ಕಾಲ ಬಾಳಲಿಲ್ಲ ಎಂಬುದು ಬೇರೆ ಮಾತು.

ಮಂಗಳೂರಿಗೇ ಮೊಳೆ ಬಂದದ್ದು 1850ರ ದಶಕದ ಆರಂಭದಲ್ಲಿ, ಮುದ್ರಣ ಕಲಿತುಬಂದ ಗಿಯೋರ್ಗ್ ಪ್ಲೆಬ್ಸ್ಟ್‌ನ ಕಾಲಕ್ಕೆ. ಅಲ್ಲಿಂದ ಮುಂದೆ ಆ ಅಚ್ಚುಕೂಟ ಬೆಳೆದ ಬಗೆಗೆ ಅದರ ನಿಘಂಟುಗಳೇ ಸಾಕ್ಷಿ. 1872ರಲ್ಲಿ ಗುಂಡರ್ಟನ ಮಲಯಾಳ ನಿಘಂಟು, 1886ರಲ್ಲಿ ಮ್ಯಾನರನ ತುಳು ನಿಘಂಟು, 1894ರಲ್ಲಿ ಸುಮಾರು 70,000 ಪದಗಳ ಕಿಟ್ಟೆಲ್ ನಿಘಂಟು ಅಲ್ಲಿಯೇ ಅಚ್ಚಾದವು. ಕಿಟ್ಟೆಲ್ ನಿಘಂಟಿನ ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಲಿಪಿಗಳನ್ನು ಜೋಡಿಸಿದವರು ಅದೇ ಊರಿನ ಕೆಲಸಗಾರರು. ಮುಖಪುಟದಲ್ಲಿ ಅವರ ಹೆಸರಿಲ್ಲ.

ಪ್ಲೆಬ್ಸ್ಟ್‌ನ ಇನ್ನೊಂದು ಸಾಹಸ ಅಚ್ಚಿಗಿಂತಲೂ ಹೆಚ್ಚು ಮನೆಗಳನ್ನು ತಲುಪಿತು. ಕರಾವಳಿಯಲ್ಲಿ ಬಹುಪಾಲು ಮನೆಗಳಿಗೆ ಮುಳಿಹುಲ್ಲಿನ ಅಥವಾ ತೆಂಗಿನ ಗರಿಯ ಮಾಡು. ಪ್ರತಿ ಮಳೆಗಾಲಕ್ಕೆ ಮೊದಲು ಹೊಸದಾಗಿ ಹೊದಿಸಬೇಕು. ಬೇಸಗೆಯಲ್ಲಿ ಬೆಂಕಿಯ ಭಯ. ಕುಂಬಾರರು ಮಾಡುತ್ತಿದ್ದ ಹೆಂಚು ಹಗುರವಾಗಿ, ಗಾಳಿಗೆ ಜಾರುವಂಥದು. ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಹಕ್ಕುಪತ್ರ ಪಡೆದಿದ್ದ, ಒಂದಕ್ಕೊಂದು ಕಚ್ಚಿಕೊಳ್ಳುವ ಗೀರುಗಳ ಹೆಂಚು ಯುರೋಪಿನಲ್ಲಿ ಬಳಕೆಗೆ ಬಂದಿತ್ತು. ಇಲ್ಲಿಯ ನದೀತೀರದ ಮಣ್ಣು ಅಂಥ ಹೆಂಚಿಗೆ ಒದಗೀತೇ ಎಂದು ಪ್ಲೆಬ್ಸ್ಟ್ ಪ್ರಯೋಗ ನಡೆಸಿದ. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಮೊದಲಿಗೆ ಮಣ್ಣು ಅರೆಯುವ ಗಾಣವನ್ನು ತಿರುಗಿಸಿದ್ದು ಎತ್ತುಗಳು. ಉಗಿಯಂತ್ರ ಬಂದದ್ದು ಅನಂತರ. ಮಣ್ಣು ಹೊಳೆಯ ದಡದಲ್ಲೇ ಇತ್ತು, ಸೌದೆ ಹೊಳೆಯಲ್ಲೇ ಬರುತ್ತಿತ್ತು, ಹೆಂಚು ಹೊಳೆಯ ಮೂಲಕವೇ ಬಂದರಿಗೆ ಹೋಗುತ್ತಿತ್ತು. ಅಡ್ಡಿಯಾಗಿದ್ದ ಭೂಗೋಳವೇ ಇಲ್ಲಿ ಅನುಕೂಲವಾಯಿತು.

ಈ ಕಾರ್ಖಾನೆಗಳ ಹಿಂದೆ ಇದ್ದದ್ದು ಯಂತ್ರದ ಮೋಹವಷ್ಟೇ ಅಲ್ಲ. ಮತಾಂತರಗೊಂಡವರನ್ನು ಜಾತಿಯವರು ಹೊರಗಿಡುತ್ತಿದ್ದರು. ಮನೆಯೂ ಕುಲಕಸುಬೂ ಕೈಬಿಟ್ಟುಹೋಗುತ್ತಿತ್ತು. ಅವರಿಗೆ ಅನ್ನದ ದಾರಿ ತೋರಿಸುವ ಹೊಣೆ ಮಿಶನ್ನಿನ ಮೇಲೆ ಬಿತ್ತು. ಅದಕ್ಕಾಗಿ ನೇಯ್ಗೆ ಬಂತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಯುರೋಪಿನ ಮಗ್ಗಗಳನ್ನು ಹೂಡಿ, ಮರದ ತೊಗಟೆಯಿಂದ ಖಾಕಿ ಬಣ್ಣ ತೆಗೆದನೆಂದು ಕರಾವಳಿಯಲ್ಲಿ ಹೇಳುವುದುಂಟು. ಆದರೆ ಪಂಜಾಬಿನ ಸೈನ್ಯದ ತುಕಡಿಯೊಂದು ಅದಕ್ಕೂ ಮೊದಲೇ ಖಾಕಿ ತೊಟ್ಟಿತ್ತು. ಅನ್ನ ಕೊಟ್ಟ ಕೈಯೇ ಶಿಸ್ತನ್ನೂ ಹೇರಿತು. ಕಾರ್ಖಾನೆ, ಬಾಡಿಗೆ ಮನೆ, ಶಾಲೆ, ದೇವಾಲಯ ಎಲ್ಲವೂ ಒಂದೇ ಸಂಸ್ಥೆಯವಾದಾಗ ಕೆಲಸಗಾರನ ಬದುಕೆಲ್ಲ ಅದರ ಕಣ್ಣಳತೆಯಲ್ಲೇ ಉಳಿಯಿತು. ಧರ್ಮ ಬೋಧಿಸಬೇಕಾದವರು ವ್ಯಾಪಾರ ಮಾಡಬಹುದೇ ಎಂಬ ಪ್ರಶ್ನೆ ಮಿಶನ್ನಿನೊಳಗೂ ಎದ್ದಿತು. 1859ರಲ್ಲಿ ವ್ಯಾಪಾರಕ್ಕೆಂದೇ ಪ್ರತ್ಯೇಕ ಕಂಪೆನಿ ಸ್ಥಾಪನೆಯಾಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನರು ಶತ್ರುದೇಶದವರಾದರು. ಮಿಶನರಿಗಳನ್ನು ಬಂಧನದಲ್ಲಿಟ್ಟು ಊರಿಗೆ ಕಳುಹಿಸಲಾಯಿತು. ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ಪಾಲಾದವು. ಯಂತ್ರ ತಂದವರು ಹೋದರು, ಯಂತ್ರ ನಡೆಸಲು ಕಲಿತವರು ಉಳಿದರು. ಅಷ್ಟರಲ್ಲಿ ಸ್ಥಳೀಯ ಉದ್ಯಮಿಗಳೂ ಹೆಂಚಿನ ಕಾರ್ಖಾನೆಗಳನ್ನು ತೆರೆದಿದ್ದರು. ‘ಮಂಗಳೂರು ಹೆಂಚು’ ಎಂಬ ಹೆಸರು ಭಾರತದಾಚೆಗೂ ಹಬ್ಬಿತ್ತು.

ಮುಂದೆ ಕಾಂಕ್ರೀಟಿನ ತಾರಸಿಗಳು ಹೆಚ್ಚಿ, ಮಣ್ಣೂ ಸೌದೆಯೂ ದುಬಾರಿಯಾಗಿ, ಕರಾವಳಿಯ ಹಲವು ಕಾರ್ಖಾನೆಗಳು ಬಾಗಿಲು ಹಾಕಿದವು. ಆದರೂ ಹಳೆಯ ಮನೆಯ ಮಾಡು ಬಿಚ್ಚಿದಾಗ ‘ಬಾಸೆಲ್ ಮಿಶನ್, 1865’ ಎಂಬ ಇಂಗ್ಲಿಷ್ ಮುದ್ರೆಯ ಹೆಂಚು ಸಿಗುವುದುಂಟು. ಅದು ಹೆಂಚು ಮಾಡಿದ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಆ ಹೆಂಚಿನ ಮಣ್ಣು ತುಳಿದು, ಅಚ್ಚಿಗೆ ಹಾಕಿ, ಸುಟ್ಟು ತೆಗೆದವರ ಗುರುತು ಅದರ ಮೇಲಿಲ್ಲ. ಆಷಾಢದ ಮಳೆಯಲ್ಲಿ ಆ ಮಾಡು ಸೋರದೆ ನಿಂತಿದ್ದರೆ ಅದರಲ್ಲಿ ಅವರ ಪಾಲೂ ಇದೆ.