ಶೈಕ್ಷಣಿಕ ದಾಖಲೆಗಳ ಡಿಜಿಟಲ್ ಭದ್ರತೆ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಅರ್ಜಿದಾರರಿಗೆ ಮಾಹಿತಿ

ಉದ್ದೇಶ

ಉದ್ಯೋಗ, ಉನ್ನತ ವ್ಯಾಸಂಗ ಮತ್ತು ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವವರು ವಿದ್ಯಾರ್ಹತೆಯ ಮೂಲ ದಾಖಲೆಗಳನ್ನು ಹಾಜರುಪಡಿಸಬೇಕಾಗುತ್ತದೆ. ಅಂಕಪಟ್ಟಿ ಕಳೆದುಹೋದಲ್ಲಿ ಎರಡನೇ ಪ್ರತಿ ದೊರೆಯುವಷ್ಟರಲ್ಲಿ ಅರ್ಜಿಯ ಕೊನೆಯ ದಿನಾಂಕ ಮುಗಿದುಹೋಗುವ ಸಂಭವವಿರುತ್ತದೆ. ಇದನ್ನು ತಪ್ಪಿಸಲು ಅಂಕಪಟ್ಟಿಯನ್ನು ಡಿಜಿಲಾಕರ್‌ನಲ್ಲಿ ಮುಂಚಿತವಾಗಿ ಪಡೆದಿಟ್ಟುಕೊಳ್ಳಬಹುದಾಗಿದೆ.

ಸೌಲಭ್ಯದ ಸ್ವರೂಪ

ಕೇಂದ್ರ ಸರ್ಕಾರದ ಡಿಜಿಲಾಕರ್ ಸೇವೆಯು 2015ರಲ್ಲಿ ಆರಂಭಗೊಂಡಿತು. 2016ರ ನಿಯಮಗಳಿಗೆ 2017ರಲ್ಲಿ ತರಲಾದ ತಿದ್ದುಪಡಿಯನ್ವಯ, ಪತ್ರ ನೀಡುವ ಸಂಸ್ಥೆಯಿಂದ ನೇರವಾಗಿ ಲಾಕರ್‌ಗೆ ಬಂದ ದಾಖಲೆಯು ಮೂಲ ಪತ್ರಕ್ಕೆ ಸಮಾನವಾಗಿರುತ್ತದೆ. ದಾಖಲೆಯು ಅದನ್ನು ನೀಡಿದ ಮಂಡಳಿ ಅಥವಾ ವಿಶ್ವವಿದ್ಯಾಲಯದ ಭಂಡಾರದಲ್ಲಿಯೇ ಇದ್ದು, ಲಾಕರ್‌ನಲ್ಲಿ ಅದರ ಕೊಂಡಿ ಮಾತ್ರ ಇರುತ್ತದೆ.

ವಿಕೇಂದ್ರಿತ ಡಿಜಿಟಲ್ ಗುರುತು ಇದಕ್ಕಿಂತ ಭಿನ್ನವಾದುದು. ಅದರಲ್ಲಿ ಸಂಸ್ಥೆಯು ಸಹಿ ಮಾಡಿದ ಪತ್ರವು ಅಭ್ಯರ್ಥಿಯ ವಶದಲ್ಲಿರುತ್ತದೆ. ಪರಿಶೀಲಿಸುವವರು ಸಂಸ್ಥೆಯನ್ನು ಕೇಳದೆಯೇ ಸಹಿಯ ನೈಜತೆಯನ್ನು ತಿಳಿಯಬಹುದು. ಇದರ ಅಂತರರಾಷ್ಟ್ರೀಯ ಮಾನದಂಡವು 2022ರಲ್ಲಿ ಪ್ರಕಟಗೊಂಡಿತು. ಡಿಜಿಲಾಕರ್ ಪೂರ್ಣ ವಿಕೇಂದ್ರಿತ ವ್ಯವಸ್ಥೆಯಲ್ಲ.

ದಾಖಲೆ ಪಡೆಯುವ ವಿಧಾನ

1. ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆಯಿಂದ ಖಾತೆ ತೆರೆಯುವುದು.
2. ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯನ್ನು ಆಯ್ಕೆ ಮಾಡಿ, ನೋಂದಣಿ ಸಂಖ್ಯೆ ಹಾಗೂ ಪರೀಕ್ಷೆಯ ವರ್ಷವನ್ನು ನಮೂದಿಸುವುದು.
3. ಪದವಿ ದಾಖಲೆಗಳನ್ನು ರಾಷ್ಟ್ರೀಯ ಶೈಕ್ಷಣಿಕ ಭಂಡಾರದಲ್ಲಿ ಹುಡುಕುವುದು. ವಿಶ್ವವಿದ್ಯಾಲಯವು ಸೇರ್ಪಡೆ ಮಾಡಿರುವ ವರ್ಷಗಳ ದಾಖಲೆಗಳು ಮಾತ್ರ ದೊರೆಯುತ್ತವೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ಅರ್ಜಿದಾರರು ತಾವೇ ಸ್ಕ್ಯಾನ್ ಮಾಡಿ ಲಾಕರ್‌ಗೆ ಸೇರಿಸಿದ ಪ್ರತಿಗೆ ಮೂಲ ಪತ್ರದ ಮಾನ್ಯತೆ ಇರುವುದಿಲ್ಲ.

• ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು ಅಥವಾ ಜನ್ಮ ದಿನಾಂಕ ಹೊಂದಾಣಿಕೆಯಾಗದಿದ್ದಲ್ಲಿ ದಾಖಲೆ ದೊರೆಯದಿರಬಹುದು. ತಪ್ಪು ಆಧಾರ್‌ನಲ್ಲಿದ್ದರೆ ಆಧಾರ್ ಕೇಂದ್ರದಲ್ಲಿ, ಅಂಕಪಟ್ಟಿಯಲ್ಲಿದ್ದರೆ ವ್ಯಾಸಂಗ ಮಾಡಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಯಲ್ಲಿ ತಿದ್ದುಪಡಿ ಕೋರತಕ್ಕದ್ದು. ಇದಕ್ಕೆ ಸಮಯ ಬೇಕಾಗುವುದರಿಂದ ಅರ್ಜಿ ಆಹ್ವಾನಿಸುವವರೆಗೆ ಕಾಯುವುದು ಸೂಕ್ತವಲ್ಲ.

• ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಗುಲಬರ್ಗಾದಿಂದ ಕಲಬುರಗಿ ಎಂದು ಬದಲಾಯಿತು. ಶಹಾಬಾದ ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಚಿತ್ತಾಪುರ ತಾಲ್ಲೂಕಿಗೆ ಸೇರಿತ್ತು. ಹಳೆಯ ದಾಖಲೆಗಳಲ್ಲಿ ಅಂದಿನ ಹೆಸರುಗಳೇ ಇರುವುದು ಸಹಜ, ಅದು ದೋಷವಲ್ಲ.

• ಸಂವಿಧಾನದ 371(ಜೆ) ವಿಧಿಯಡಿ ಮೀಸಲಾತಿ ಕೋರುವವರು ಉಪವಿಭಾಗಾಧಿಕಾರಿಗಳು ನೀಡುವ ಅರ್ಹತಾ ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ಪಡೆಯಬೇಕು. ಅಂಕಪಟ್ಟಿಯು ಅದಕ್ಕೆ ಪರ್ಯಾಯವಲ್ಲ.

• ಮೊಬೈಲ್‌ಗೆ ಬರುವ ಒ.ಟಿ.ಪಿ.ಯನ್ನು ಇಂಟರ್ನೆಟ್ ಕೇಂದ್ರದವರೂ ಸೇರಿದಂತೆ ಯಾರಿಗೂ ತಿಳಿಸಬಾರದು. ಅಂತಹ ಕೇಂದ್ರಗಳಲ್ಲಿ ಖಾತೆ ತೆರೆದವರು ಕೆಲಸ ಮುಗಿದ ಕೂಡಲೇ ಲಾಗ್ ಔಟ್ ಆಗತಕ್ಕದ್ದು.

ಡಿಜಿಟಲ್ ದಾಖಲೆ ದೊರೆತ ನಂತರವೂ ಕಾಗದದ ಮೂಲ ಅಂಕಪಟ್ಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.