ಕೆಮ್ಮಿಗೊಂದು ಬಾಟಲಿ ಔಷಧ: ತುಮಕೂರು ಕಲಿಸಿದ ಪಾಠ

ಮನೆಯಲ್ಲಿ ಒಬ್ಬರಿಗೆ ಟಿ.ಬಿ. ಎಂದು ಗೊತ್ತಾದರೆ ಸಾಕು, ಅವರ ತಟ್ಟೆ, ಲೋಟ, ಹಾಸಿಗೆ ಬೇರೆಯಾಗುತ್ತದೆ. ನೆಂಟರು ಬರುವುದು ಕಡಿಮೆಯಾಗುತ್ತದೆ. ರೋಗಿ ಹೊಸದಾಗಿ ಮದುವೆಯಾದ ಹೆಣ್ಣುಮಗಳಾಗಿದ್ದರೆ ತವರಿಗೆ ಕಳಿಸಿ ಕೈತೊಳೆದುಕೊಳ್ಳುವವರೂ ಉಂಟು. ರೋಗಕ್ಕೆ ಖಚಿತವಾದ ಔಷಧ ಬಂದು ಎಷ್ಟೋ ದಶಕಗಳಾದ ಮೇಲೂ ಈ ಭಯ ಪೂರ್ತಿ ಹೋಗಿಲ್ಲ. ಕ್ಷಯರೋಗಿ ತನ್ನ ಮನೆಯಲ್ಲೇ, ಮನೆಮಂದಿಯ ನಡುವೆಯೇ ಇದ್ದು ಗುಣವಾಗಬಲ್ಲ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ನೆರೆಯ ಮದರಾಸು. ಆ ರೋಗಿಯನ್ನು ಎಲ್ಲಿ ಹುಡುಕಬೇಕು ಎಂದು ತೋರಿಸಿದ್ದು ನಮ್ಮದೇ ತುಮಕೂರು ಜಿಲ್ಲೆ. ಈ ಎರಡೂ ಸಂಗತಿ ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ.

ಕ್ಷಯ ಹಳೆಯ ಕಾಯಿಲೆ. ರೋಹಿಣಿಯೊಬ್ಬಳಲ್ಲೇ ಮನಸ್ಸಿಟ್ಟು ಉಳಿದ ಹೆಂಡಿರನ್ನು ಕಡೆಗಣಿಸಿದ ಚಂದ್ರನಿಗೆ ಮಾವ ದಕ್ಷ ಕೊಟ್ಟ ಶಾಪವೇ ಕ್ಷಯ ಎಂದು ಪುರಾಣ ಹೇಳುತ್ತದೆ. ಆಯುರ್ವೇದ ಇದನ್ನು ರಾಜಯಕ್ಷ್ಮ ಎಂದು ಕರೆಯಿತು. ಇದು ಶಾಪವೂ ಅಲ್ಲ, ವಂಶದಿಂದ ಬರುವುದೂ ಅಲ್ಲ, ಒಂದು ರೋಗಾಣುವಿನ ಕೆಲಸ ಎಂದು ಜರ್ಮನಿಯ ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಸಾರಿದ್ದು 1882ರ ಮಾರ್ಚ್ 24ರಂದು. ಆದರೆ ಶತ್ರು ಯಾರೆಂದು ಗೊತ್ತಾದ ಮೇಲೂ ಅರವತ್ತು ವರ್ಷ ಅದನ್ನು ಕೊಲ್ಲುವ ಔಷಧ ವೈದ್ಯರ ಕೈಯಲ್ಲಿ ಇರಲಿಲ್ಲ.

ಔಷಧವಿಲ್ಲದ ಆ ಕಾಲದಲ್ಲಿ ಹುಟ್ಟಿಕೊಂಡದ್ದು ಸ್ಯಾನಟೋರಿಯಂ. ಊರಿನಿಂದ ದೂರ, ಒಳ್ಳೆಯ ಗಾಳಿ ಬೀಸುವ ಜಾಗ, ಪುಷ್ಟಿಯಾದ ಊಟ, ತಿಂಗಳುಗಟ್ಟಲೆ ವಿಶ್ರಾಂತಿ. ಇದೇ ಚಿಕಿತ್ಸೆ. ನಮ್ಮ ಗಡಿಯಾಚೆ ಮದನಪಲ್ಲಿಯ ಬಳಿ ಆರೋಗ್ಯವರಂ 1915ರಲ್ಲಿ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಮೈಸೂರಿನಲ್ಲಿ ಅವರ ನೆನಪಿಗೆ ಕಟ್ಟಿಸಿದ ಸ್ಯಾನಟೋರಿಯಂ ಇಂದಿಗೂ ಪಿ.ಕೆ.ಟಿ.ಬಿ. ಆಸ್ಪತ್ರೆ ಎಂದೇ ಜನಜನಿತ. ಅರಮನೆಯನ್ನೂ ಬಿಡದ ರೋಗ ಗುಡಿಸಲನ್ನು ಬಿಟ್ಟೀತೆ? ಆದರೆ ಗುಡಿಸಲಿನವರಿಗೆ ಸ್ಯಾನಟೋರಿಯಂನ ಹಾಸಿಗೆ ಸಿಗುವುದು ಮಾತ್ರ ಅಪರೂಪವಾಗಿತ್ತು.

1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಯಿತು. ಆರಂಭದಲ್ಲಿ ಪವಾಡದಂತೆ ಕಂಡಿತು. ಆದರೆ 1948ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ಒಂದೇ ಔಷಧ ಕೊಟ್ಟರೆ ರೋಗಾಣು ಕೆಲವೇ ತಿಂಗಳಲ್ಲಿ ಅದಕ್ಕೆ ಬಗ್ಗದಂತಾಗುತ್ತಿತ್ತು. ಎರಡು ಔಷಧಗಳನ್ನು ಜೊತೆಯಾಗಿ ಕೊಟ್ಟರೆ ಒಂದರಿಂದ ತಪ್ಪಿಸಿಕೊಂಡ ರೋಗಾಣುವನ್ನು ಇನ್ನೊಂದು ಹಿಡಿಯುತ್ತದೆ. 1952ರಲ್ಲಿ ಐಸೊನಿಯಾಜಿಡ್ ಬಂತು. ಅಗ್ಗದ ಮಾತ್ರೆ, ಬಾಯಲ್ಲಿ ನುಂಗಿದರಾಯಿತು. ಅದಕ್ಕೂ ಮೊದಲೇ ಬಂದಿದ್ದ ಪಿ.ಎ.ಎಸ್. ಎಂಬ ಔಷಧವನ್ನು ಅದರ ಜೊತೆಗೆ ಸೇರಿಸಿ ಒಂದು ವರ್ಷ ಕೊಡುವುದು ರೂಢಿಯಾಯಿತು.

ಆಗ ಎದ್ದ ಪ್ರಶ್ನೆ ಇದು. ವರ್ಷವಿಡೀ ಔಷಧ ತೆಗೆದುಕೊಳ್ಳಬೇಕಾದ ಲಕ್ಷಗಟ್ಟಲೆ ರೋಗಿಗಳನ್ನು ಎಲ್ಲಿ ಇಡುವುದು? ಅಷ್ಟು ಸ್ಯಾನಟೋರಿಯಂ ಕಟ್ಟಿಸುವ ಶಕ್ತಿ ಆಗತಾನೇ ಸ್ವತಂತ್ರವಾದ ದೇಶಕ್ಕೆ ಇರಲಿಲ್ಲ. ಮನೆಯಲ್ಲೇ ಇಟ್ಟರೆ ಗುಣವಾದಾರೆ? ಮನೆಮಂದಿಗೆಲ್ಲ ರೋಗ ಹರಡೀತೆ?

ಉತ್ತರ ಹುಡುಕಲು 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ರಾಸಾಯನಿಕ ಚಿಕಿತ್ಸಾ ಕೇಂದ್ರ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿ ಇದರಲ್ಲಿ ಕೈಜೋಡಿಸಿದವು. ಬ್ರಿಟನ್ನಿನ ಡಾ. ವ್ಯಾಲೇಸ್ ಫಾಕ್ಸ್ ಮುಂದಾಳು. ನಗರದ ಬಡ ಕುಟುಂಬಗಳ 193 ರೋಗಿಗಳನ್ನು ಆರಿಸಿಕೊಳ್ಳಲಾಯಿತು. ಯಾರು ಮನೆಯಲ್ಲಿ, ಯಾರು ಸ್ಯಾನಟೋರಿಯಂನಲ್ಲಿ ಎಂಬುದನ್ನು ವೈದ್ಯರು ತೀರ್ಮಾನಿಸಲಿಲ್ಲ. ಲಾಟರಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡಲಾಯಿತು. ಔಷಧ ಇಬ್ಬರಿಗೂ ಒಂದೇ.

ಒಂದು ಕಡೆ ಒಳ್ಳೆಯ ಊಟ, ಗಾಳಿ, ವಿಶ್ರಾಂತಿ, ದಾದಿಯರ ಆರೈಕೆ. ಇನ್ನೊಂದು ಕಡೆ ಇಕ್ಕಟ್ಟಾದ ಮನೆ, ಅರೆಹೊಟ್ಟೆ, ದಿನದ ದುಡಿಮೆ. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಸ್ಯಾನಟೋರಿಯಂನಲ್ಲಿದ್ದವರಲ್ಲಿ ಶೇಕಡಾ 92 ಮಂದಿಯ ಕಫದಲ್ಲಿ ರೋಗಾಣು ಅಡಗಿತ್ತು. ಮನೆಯಲ್ಲಿದ್ದವರಲ್ಲಿ ಶೇಕಡಾ 86. ಸ್ಯಾನಟೋರಿಯಂನವರು ಹೆಚ್ಚು ತೂಕ ಗಳಿಸಿದ್ದರು ನಿಜ, ಆದರೆ ಗುಣವಾಗುವುದರಲ್ಲಿ ಅಂತರ ಅಲ್ಪ. 1959ರಲ್ಲಿ ಈ ವರದಿ ಪ್ರಕಟವಾಯಿತು. ರೋಗಿಗಳ ಮನೆಯವರನ್ನು ವರ್ಷಗಳ ಕಾಲ ಪರೀಕ್ಷಿಸುತ್ತ ಹೋದಾಗ ಮತ್ತೊಂದು ಸಂಗತಿ ಖಚಿತವಾಯಿತು. ರೋಗಿ ಮನೆಯಲ್ಲೇ ಇದ್ದುದರಿಂದ ಕುಟುಂಬಕ್ಕೆ ಹೆಚ್ಚಿನ ಅಪಾಯವೇನೂ ಆಗಿರಲಿಲ್ಲ. ಸೋಂಕು ತಗಲುವುದಿದ್ದರೆ ಅದು ಬಹುಮಟ್ಟಿಗೆ ರೋಗ ಪತ್ತೆಯಾಗುವ ಮೊದಲೇ ತಗಲಿರುತ್ತಿತ್ತು. ಔಷಧ ಶುರುವಾದ ಮೇಲೆ ರೋಗ ಹರಡುವ ಶಕ್ತಿ ಬೇಗನೆ ಕುಗ್ಗುತ್ತಿತ್ತು. ತಟ್ಟೆ-ಲೋಟ ಬೇರೆ ಮಾಡುವುದರಲ್ಲಿ ಅರ್ಥವಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮುಂದಿನ ವರ್ಷಗಳಲ್ಲಿ ಶ್ರೀಮಂತ ದೇಶಗಳ ಸ್ಯಾನಟೋರಿಯಂಗಳೂ ಒಂದೊಂದಾಗಿ ಬಾಗಿಲು ಮುಚ್ಚಿದವು. ಅದಕ್ಕೆ ಮದರಾಸಿನ ಅಧ್ಯಯನವೂ ಒಂದು ಕಾರಣ.

ಚಿಕಿತ್ಸೆಯ ಪ್ರಶ್ನೆ ಬಗೆಹರಿಯಿತು. ಆದರೆ ರೋಗಿ ಎಲ್ಲಿದ್ದಾನೆ? ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮಿ ರಕ್ತ ಉಗುಳಿದರೂ ಆಸ್ಪತ್ರೆ ಕಡೆ ಬರುವುದಿಲ್ಲ, ಎಕ್ಸ್‌ರೇ ವಾಹನ ಹೊಡೆದುಕೊಂಡು ಊರೂರಿಗೆ ಹೋಗಿ ಹುಡುಕಬೇಕು ಎಂಬುದು ಆಗಿನ ಸಾಮಾನ್ಯ ನಂಬಿಕೆ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ನಂಬಿಕೆಯನ್ನೇ ಒರೆಗೆ ಹಚ್ಚಿತು.

ಸಂಸ್ಥೆಯ ಸಮಾಜ ವಿಜ್ಞಾನಿ ಡಾ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ತಂಡ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಯಿತು. ಸಮೀಕ್ಷೆಯಲ್ಲಿ ರೋಗಿಗಳೆಂದು ಕಂಡುಬಂದವರ ಜೊತೆ ಕುಳಿತು ಮಾತನಾಡಿತು. ಏನಾಗುತ್ತಿದೆ, ಯಾವಾಗಿನಿಂದ, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿತು. 1963ರಲ್ಲಿ ಹೊರಬಂದ ಫಲಿತಾಂಶ ಅಧಿಕಾರಿಗಳನ್ನು ಬೆಚ್ಚಿಬೀಳಿಸುವಂತಿತ್ತು. ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಎಂಬ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ತಾವಾಗಿಯೇ ಯಾವುದಾದರೊಂದು ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದಿದ್ದರು. ಅಲ್ಲಿ ಯಾರೂ ಅವರ ಕಫ ಪರೀಕ್ಷಿಸಿರಲಿಲ್ಲ. ಸಾಮಾನ್ಯವಾಗಿ ಕೈಗೆ ಒಂದು ಬಾಟಲಿ ಕೆಮ್ಮಿನ ಔಷಧ ಕೊಟ್ಟು ಮನೆಗೆ ಕಳಿಸಲಾಗಿತ್ತು.

ಅಂದರೆ ಅಜ್ಞಾನ ಇದ್ದದ್ದು ಮೇಜಿನ ಯಾವ ಕಡೆಗೆ?

1962ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ ಬೆಂಗಳೂರಿನ ಸಂಸ್ಥೆಯ ಈ ಕೆಲಸವೇ ತಳಹದಿ. ಕ್ಷಯಕ್ಕೆಂದೇ ಪ್ರತ್ಯೇಕ ಆಸ್ಪತ್ರೆ ಕಟ್ಟುವ ಬದಲು, ಇರುವ ಆಸ್ಪತ್ರೆಗಳಲ್ಲೇ ಒಂದು ಸೂಕ್ಷ್ಮದರ್ಶಕ ಇಟ್ಟು ಕೆಮ್ಮಿಕೊಂಡು ಬಂದವರ ಕಫ ನೋಡಿದರೆ ರೋಗಿಗಳು ಸಿಗುತ್ತಾರೆ ಎಂಬುದು ಅದರ ತಿರುಳು. ಆ ದಿನಗಳಲ್ಲಿ ಭಾರತದಲ್ಲಿ ಕೆಲಸ ಮಾಡಿದ ಡೆನ್ಮಾರ್ಕಿನ ಡಾ. ಹಾಫ್ಡನ್ ಮಾಹ್ಲರ್ ಮುಂದೆ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಆಲ್ಮಾ ಆಟಾ ಸಮ್ಮೇಳನದಲ್ಲಿ ‘ಎಲ್ಲರಿಗೂ ಆರೋಗ್ಯ’ ಎಂಬ ಮಾತಿಗೆ ದನಿಯಾದವರು ಅವರೇ.

ಹಾಗಾದರೆ ಕ್ಷಯ ಏಕೆ ಹೋಗಲಿಲ್ಲ? ದೀರ್ಘಕಾಲದ ಚಿಕಿತ್ಸೆಯ ಕಷ್ಟ ಇರುವುದೇ ಇಲ್ಲಿ. ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ಮೈಯಲ್ಲಿ ಕಸುವು ಬರುತ್ತದೆ. ಕೂಲಿ ಬಿಟ್ಟು ಔಷಧಕ್ಕೆ ಅಲೆಯುವುದು ಆಗ ಯಾರಿಗೂ ಹೊರೆಯೇ. ಪಿ.ಎ.ಎಸ್. ಅನ್ನು ಗ್ರಾಂಗಟ್ಟಲೆ ನುಂಗಬೇಕಿತ್ತು, ಹೊಟ್ಟೆ ತೊಳಸುತ್ತಿತ್ತು. ಮದರಾಸಿನ ಸಂಶೋಧಕರು ಇದನ್ನೂ ಆಗಲೇ ಗಮನಿಸಿದ್ದರು. ವಾರಕ್ಕೆ ಎರಡೇ ಸಲ, ಸಿಬ್ಬಂದಿಯ ಕಣ್ಣೆದುರಿಗೇ ಔಷಧ ಕೊಡುವ ಪ್ರಯೋಗ ಮಾಡಿ 1964ರಲ್ಲಿ ಒಳ್ಳೆಯ ಫಲ ತೋರಿಸಿದರು. ಜಗತ್ತಿನ ತುಂಬ ಡಾಟ್ಸ್ ಹೆಸರಿನಲ್ಲಿ ಪ್ರಚಾರವಾದ, ಭಾರತದಲ್ಲಿ 1997ರಿಂದ ವಿಸ್ತರಿಸಿದ ಪದ್ಧತಿಯ ಬೇರು ಇದೇ.

ಒಂದು ತಪ್ಪು ತಿಳಿವಳಿಕೆ ಮಾತ್ರ ಬಹಳ ಕಾಲ ಉಳಿಯಿತು. ಅರೆಹೊಟ್ಟೆಯಲ್ಲೂ ಔಷಧ ಕೆಲಸ ಮಾಡುತ್ತದೆ ಎಂದು ಮದರಾಸು ತೋರಿಸಿತ್ತು. ಅದನ್ನೇ ಹಿಡಿದು ಊಟದ ಮಾತು ಬದಿಗೆ ಸರಿಯಿತು. ಇದನ್ನು ಮತ್ತೆ ಕೈಗೆತ್ತಿಕೊಂಡವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಅವರ ತಂಡ ಜಾರ್ಖಂಡಿನಲ್ಲಿ ಕ್ಷಯರೋಗಿಗಳ ಮನೆಮಂದಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಮುಂತಾದ ಆಹಾರ ಕೊಟ್ಟು ನೋಡಿತು. 2023ರಲ್ಲಿ ಬಂದ ವರದಿಯಂತೆ ಅಂಥ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ರೋಗವನ್ನು ಔಷಧ ಗುಣಪಡಿಸುತ್ತದೆ, ಅದು ಮುಂದಿನವರಿಗೆ ಬಾರದಂತೆ ತಡೆಯುವುದರಲ್ಲಿ ಅನ್ನದ ಪಾಲು ದೊಡ್ಡದು. ಕೇಂದ್ರ ಸರ್ಕಾರ 2018ರಲ್ಲಿ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡಲು ಆರಂಭಿಸಿತು, 2024ರಲ್ಲಿ ಅದನ್ನು 1000 ರೂಪಾಯಿಗೆ ಏರಿಸಿತು.

ಎರಡು ವಾರ ಮೀರಿದ ಕೆಮ್ಮು ಇದ್ದರೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೂ, ಮುಂದಿನ ಔಷಧಕ್ಕೂ ಹಣ ಕೊಡಬೇಕಿಲ್ಲ. ತುಮಕೂರಿನ ಆ ರೈತರು, ಕೂಲಿಗಳು ತಮ್ಮ ಪಾಲಿನ ಕೆಲಸ ಮಾಡಿದ್ದರು, ಕೆಮ್ಮುತ್ತಲೇ ಆಸ್ಪತ್ರೆಗೆ ನಡೆದು ಬಂದಿದ್ದರು. ಇಂದು ಹಾಗೆ ಬಂದವರು ಬರಿ ಬಾಟಲಿ ಹಿಡಿದು ಮನೆಗೆ ಮರಳಬಾರದು.