ಅರ್ಧರಥನ ಲೆಕ್ಕ

ಭೀಮ ಹೆಚ್ಚೋ, ದುರ್ಯೋಧನ ಹೆಚ್ಚೋ? ಕರ್ಣ ಅರ್ಜುನನಿಗೆ ಸೋತನೋ, ಶಾಪಗಳಿಗೆ ಸೋತನೋ? ಊರಿನ ಅರಳಿಕಟ್ಟೆಯ ಮೇಲೆ ಇಂಥ ಒಂದು ಪ್ರಶ್ನೆ ಎತ್ತಿದರೆ ಸಾಕು, ಹೊತ್ತು ಮುಳುಗಿದ್ದೂ ಗೊತ್ತಾಗುವುದಿಲ್ಲ. ಇಂದಿನ ಹುಡುಗರು ಇದೇ ಪ್ರಶ್ನೆಯನ್ನು ಬೇರೆ ಹೆಸರು ಹಿಡಿದು ಕೇಳುತ್ತಾರೆ. ಗೋಕು ಹೆಚ್ಚೋ, ವೆಜಿಟಾ ಹೆಚ್ಚೋ ಎಂಬುದು ಅವರ ವಾದ. ಹಿರಿಯರಿಗೆ ಇದು ಕೆಲಸವಿಲ್ಲದವರ ಹರಟೆಯಾಗಿ ಕಾಣಬಹುದು. ಆದರೆ ವೀರರ ಬಲವನ್ನು ಲೆಕ್ಕಕ್ಕೆ ಇಳಿಸಿ ಜಗಳವಾಡುವುದು ನಮ್ಮ ನಾಡಿಗೆ ಹೊಸದೇನಲ್ಲ.

ಹುಡುಗರ ಬಾಯಲ್ಲಿರುವ ಕಥೆ ‘ಡ್ರ್ಯಾಗನ್ ಬಾಲ್’. ಜಪಾನಿನ ಚಿತ್ರಕಾರ ಅಕಿರಾ ತೋರಿಯಾಮಾ 1984ರಲ್ಲಿ ವಾರಪತ್ರಿಕೆಯೊಂದರಲ್ಲಿ ಇದನ್ನು ಚಿತ್ರಕಥೆಯಾಗಿ ಆರಂಭಿಸಿದರು. ಪತ್ರಿಕೆಯಲ್ಲಿ ಅದು 1995ರವರೆಗೆ ಹರಿದುಬಂತು. 1986ರಲ್ಲಿ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಧಾರಾವಾಹಿಯಾಗಿ ಟಿ.ವಿ.ಗೆ ಇಳಿಯಿತು. ತೋರಿಯಾಮಾ 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಈ ಕಥೆಯ ಮತ್ತೊಂದು ಹೊಸ ಸರಣಿ ಬಂತು. ನಾಯಕ ಗೋಕುವಿನ ಮೂಲ ಚೀನಾದ 16ನೆಯ ಶತಮಾನದ ಕಾದಂಬರಿಯೊಂದರ ಕಪಿವೀರ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಕಥೆಯ ಎರಡನೆಯ ಘಟ್ಟದಲ್ಲಿ ‘ಸ್ಕೌಟರ್’ ಎಂಬ ಉಪಕರಣವೊಂದು ಬರುತ್ತದೆ. ಕಿವಿಗೆ ಸಿಕ್ಕಿಸಿಕೊಂಡು ಕಣ್ಣಿನ ಮುಂದಿನ ಗಾಜಿನಲ್ಲಿ ನೋಡಿದರೆ ಎದುರಾಳಿಯ ಬಲ ಅಂಕಿಯಾಗಿ ಮೂಡುತ್ತದೆ. ಬಂದೂಕು ಹಿಡಿದು ನಿಂತ ಒಬ್ಬ ರೈತನ ಬಲ ಬರೀ 5. ಫ್ರೀಜಾ ಎಂಬ ದುಷ್ಟನ ಬಲ 5,30,000. ಒಮ್ಮೆ ಅಂಕಿ ಸಿಕ್ಕಿದ ಮೇಲೆ ಅಭಿಮಾನಿಗಳು ಸುಮ್ಮನಿರುವುದುಂಟೇ? ಯಾರ ಬಲ ಯಾವ ಹೊತ್ತಿನಲ್ಲಿ ಎಷ್ಟಿತ್ತು ಎಂದು ಪಟ್ಟಿ ಮಾಡಿದರು, ಪಟ್ಟಿಯ ಮೇಲೆ ಪಟ್ಟಿ ಮಾಡಿ ವಾದಿಸಿದರು. ಆ ವಾದ ಇನ್ನೂ ಮುಗಿದಿಲ್ಲ.

ನಮ್ಮ ಕಡೆಯ ವಾದದ ಕುರುಹು ನೋಡಬೇಕಾದರೆ ಜಾವಗಲ್‌ನಿಂದ ಆರಂಭಿಸಬಹುದು. ಕ್ರಿಕೆಟ್ ಪ್ರಿಯರಿಗೆ ಈ ಹೆಸರು ಕೇಳಿದೊಡನೆ ವೇಗದ ಬೌಲರ್ ಶ್ರೀನಾಥ್ ನೆನಪಾಗುತ್ತಾರೆ. ಆದರೆ ಅರಸೀಕೆರೆ ತಾಲ್ಲೂಕಿನ ಈ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವೂ ಇದೆ. 13ನೆಯ ಶತಮಾನದ ನಡುಭಾಗಕ್ಕೆ ಸೇರಿದ ತ್ರಿಕೂಟ ಅದು. ಹೆಸರಾಂತ ಶಿಲ್ಪಿ ಮಲ್ಲಿತಮ್ಮ ಕೆಲಸ ಮಾಡಿದ ಗುಡಿ. ಹೊರಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳು: ಕೆಳಗೆ ಆನೆ, ಅದರ ಮೇಲೆ ಕುದುರೆ, ಬಳ್ಳಿ, ಆಮೇಲೆ ಪುರಾಣ ಕಥೆಗಳ ಸಾಲು, ಮಕರ, ಹಂಸ. ಹತ್ತಿರದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಭಾರತ ಯುದ್ಧವೇ ಕಲ್ಲಿನಲ್ಲಿ ಹರಡಿದೆ. ಅಭಿಮನ್ಯು ಹೊಕ್ಕ ಚಕ್ರವ್ಯೂಹವನ್ನು ಅಲ್ಲಿ ಕಾಣಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಈ ಸಾಲುಗಳನ್ನು ನೋಡಬಯಸುವವರು ದೂರದಿಂದಲೂ ಬರುತ್ತಾರೆ.

ಇಂಥ ಸಾಲಿನಲ್ಲಿ ಪಟ್ಟಿಕೆಯ ಎತ್ತರ ಗೆರೆ ಎಳೆದಂತೆ ಒಂದೇ. ಪಾಂಡವರಿಗಾಗಲಿ ಕೌರವರಿಗಾಗಲಿ ಅಷ್ಟೇ ಜಾಗ. ಶಿಲ್ಪಿ ವೀರರಿಗೆ ದರ್ಜೆ ಕಟ್ಟುವ ಗೋಜಿಗೆ ಹೋಗಲಿಲ್ಲ. ಆ ಕೆಲಸ ಅರಮನೆಯಲ್ಲಿ ನಡೆಯುತ್ತಿತ್ತು. ಹೊಯ್ಸಳ ದೊರೆಗಳ ಬಿರುದುಗಳನ್ನು ನೋಡಿ: ಮಲೆಪರೊಳ್‌ಗಂಡ, ಏಕಾಂಗವೀರ, ಗಿರಿದುರ್ಗಮಲ್ಲ, ಚಲದಂಕರಾಮ. ಒಂದೊಂದು ಬಿರುದೂ ‘ನನ್ನ ಸಮಾನರು ಯಾರು’ ಎಂಬ ಸವಾಲು; ಕೊನೆಯದರಲ್ಲಿ ಹೋಲಿಕೆಗೆ ರಾಮನೇ ಬೇಕಾಗಿದ್ದಾನೆ.

ಆದರೆ ವೀರರಿಗೆ ಹೆಸರು ಹಿಡಿದು ದರ್ಜೆ ಕಟ್ಟಿದ ಪ್ರಸಿದ್ಧ ಪಟ್ಟಿ ಇದಕ್ಕಿಂತ ಎಷ್ಟೋ ಹಳೆಯದು. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಅದು ಬರುತ್ತದೆ. ಯುದ್ಧ ಇನ್ನೇನು ಆರಂಭವಾಗಬೇಕು. ಎರಡೂ ಕಡೆಯವರ ಬಲಾಬಲ ಹೇಳು ಎಂದು ದುರ್ಯೋಧನ ಭೀಷ್ಮನನ್ನು ಕೇಳುತ್ತಾನೆ. ಭೀಷ್ಮ ಒಬ್ಬೊಬ್ಬರಿಗೂ ಅಂಕ ಹಾಕುತ್ತಾ ಹೋಗುತ್ತಾನೆ. ರಥ, ಅತಿರಥ, ಮಹಾರಥ ಎಂಬವು ಅವನ ದರ್ಜೆಗಳು. ಹತ್ತು ಸಾವಿರ ಬಿಲ್ಲಾಳುಗಳೊಡನೆ ಒಬ್ಬನೇ ಹೋರಾಡಬಲ್ಲವನು ಮಹಾರಥ ಎಂಬ ವಿವರಣೆ ಪರಂಪರೆಯಲ್ಲಿದೆ. ಭೀಷ್ಮನ ಲೆಕ್ಕದಲ್ಲಿ ಧರ್ಮರಾಯ ಒಬ್ಬ ರಥ. ಭೀಮ ಎಂಟು ರಥರಿಗೆ ಸಮ. ಜಯದ್ರಥ ಇಬ್ಬರಿಗೆ ಸಮ. ಅರ್ಜುನನಂಥವನು ಎರಡೂ ಸೇನೆಗಳಲ್ಲಿ ಇನ್ನೊಬ್ಬನಿಲ್ಲ. ಅಶ್ವತ್ಥಾಮನ ಬಿಲ್ಲಿಗೆ ಎಣೆಯಿಲ್ಲ, ಆದರೆ ಅವನಿಗೆ ಪ್ರಾಣದ ಮೇಲೆ ಆಸೆ ಹೆಚ್ಚು, ಆದ್ದರಿಂದ ಅವನನ್ನು ಯಾವ ದರ್ಜೆಗೂ ಸೇರಿಸಲಾರೆ ಎನ್ನುತ್ತಾನೆ. ತೋಳ್ಬಲದ ಜೊತೆಗೆ ಮನಸ್ಸನ್ನೂ ಅಳೆಯಬೇಕು ಎಂಬ ತಿಳಿವಳಿಕೆ ಈ ಮಾತಿನಲ್ಲಿದೆ.

ಎಲ್ಲ ಸರಿಯಾಗಿಯೇ ನಡೆದಿತ್ತು, ಕರ್ಣನ ಸರದಿ ಬರುವವರೆಗೆ. ಇವನು ಅರ್ಧರಥ, ಅಂದುಬಿಟ್ಟ ಭೀಷ್ಮ. ಕಾರಣಗಳನ್ನೂ ಕೊಟ್ಟ: ಹುಟ್ಟಿನೊಡನೆ ಬಂದ ಕವಚಕುಂಡಲಗಳನ್ನು ಕಳೆದುಕೊಂಡಿದ್ದಾನೆ, ಗುರುವಿನ ಶಾಪವಿದೆ, ಬಡಾಯಿ ಬೇರೆ. ದ್ರೋಣನೂ ತಲೆಯಾಡಿಸಿದ. ಕರ್ಣ ಕೆರಳಿದ. ಸೇನೆಯಲ್ಲಿ ಒಡಕು ಹುಟ್ಟಿಸುವ ಮಾತಿದು ಎಂದು ಮುದುಕನನ್ನು ಹಳಿದ. ಭೀಷ್ಮ ಬದುಕಿರುವವರೆಗೆ ತಾನು ಯುದ್ಧ ಮಾಡುವುದಿಲ್ಲವೆಂದು ಆಣೆಯಿಟ್ಟ. ಪರಿಣಾಮವೇನಾಯಿತು? ಹದಿನೆಂಟು ದಿನದ ಯುದ್ಧದಲ್ಲಿ ಮೊದಲ ಹತ್ತು ದಿನ ಕೌರವ ಸೇನೆ ಕರ್ಣನಿಲ್ಲದೆ ಕಾದಿತು. ಬಲ ಅಳೆಯಲು ಹೊರಟ ಲೆಕ್ಕವೇ ಬಲವನ್ನು ಕುಗ್ಗಿಸಿತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನನ್ನು ಕಾಣಲು ಕರ್ಣ ಒಬ್ಬನೇ ಬರುತ್ತಾನೆ. ಆಗ ಅಜ್ಜ ನಿಜ ಹೇಳುತ್ತಾನೆ: ನಿನ್ನ ತೇಜಸ್ಸನ್ನು ತಗ್ಗಿಸಲೆಂದೇ ಕಟುವಾಗಿ ಮಾತಾಡಿದೆ, ಬಿಲ್ವಿದ್ಯೆಯಲ್ಲಿ ನೀನು ಅರ್ಜುನನಿಗೆ ಸಮ, ಕೃಷ್ಣನಿಗೂ ಸಮ, ನೀನು ಕುಂತಿಯ ಮಗನೆಂಬುದೂ ನನಗೆ ಗೊತ್ತು. ಅಂದರೆ ಅಂಕ ಹಾಕಿದವನೇ ಅದನ್ನು ಹಿಂತೆಗೆದುಕೊಂಡ, ಯುದ್ಧ ಅರ್ಧ ಮುಗಿದ ಮೇಲೆ. ಅಷ್ಟಾದರೂ ‘ಅರ್ಧರಥ’ ಎಂಬ ಮಾತು ಕರ್ಣನ ಹೆಸರಿಗೆ ಅಂಟಿಕೊಂಡೇ ಉಳಿಯಿತು.

ಲೆಕ್ಕ ಹಾಕುವವನು ಬದಲಾದರೆ ದರ್ಜೆಯೂ ಬದಲಾಗುತ್ತದೆ ಎಂಬುದಕ್ಕೆ ಕನ್ನಡ ಕಾವ್ಯವೇ ಸಾಕ್ಷಿ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ. ಹಾಗಾಗಿ ಅಲ್ಲಿ ಅರ್ಜುನ ನಾಯಕ. ಅದೇ ಶತಮಾನದಲ್ಲಿ ಹುಟ್ಟಿದ ರನ್ನನ ದೊರೆ ಚಾಲುಕ್ಯ ಸತ್ಯಾಶ್ರಯ. ಅವನಿಗಾಗಿ ‘ಗದಾಯುದ್ಧ’ದಲ್ಲಿ ಭೀಮ ಮುಂದೆ ಬಂದ. ಗಮನಿಸಬೇಕಾದದ್ದೆಂದರೆ ಇಬ್ಬರು ಕವಿಗಳ ಮನಸ್ಸೂ ಎದುರು ಪಕ್ಷದತ್ತ ವಾಲಿದ್ದು. ಪಂಪ ಕರ್ಣನನ್ನು ಮರೆಯಲಾರದೆ ಹೋದ. ರನ್ನ ದುರ್ಯೋಧನನ ಛಲಕ್ಕೆ ಮನಸೋತ.

ದುರ್ಯೋಧನನ ಲೆಕ್ಕವೂ ಸುಲಭದ್ದಲ್ಲ. ಕೊನೆಯ ದಿನ ಭೀಮನೊಡನೆ ಗದೆ ಹಿಡಿದು ನಿಂತಾಗ ಇಬ್ಬರಲ್ಲಿ ಯಾರು ಮೇಲು ಎಂದು ಅರ್ಜುನ ಕೃಷ್ಣನನ್ನೇ ಕೇಳುತ್ತಾನೆ. ವ್ಯಾಸಭಾರತದಲ್ಲಿ ಕೃಷ್ಣ ಕೊಡುವ ಉತ್ತರ ಯಾವ ಅಭಿಮಾನಿಯೂ ತಲೆದೂಗುವಂಥದು: ಇಬ್ಬರೂ ಕಲಿತದ್ದು ಒಂದೇ, ಬಲದಲ್ಲಿ ಭೀಮ ಹೆಚ್ಚು, ಅಭ್ಯಾಸದಲ್ಲಿ ದುರ್ಯೋಧನ ಹೆಚ್ಚು, ನೇರ ಯುದ್ಧದಲ್ಲಿ ಭೀಮ ಗೆಲ್ಲಲಾರ. ದುರ್ಯೋಧನ ಭೀಮನ ಉಕ್ಕಿನ ಪ್ರತಿಮೆ ಮಾಡಿಸಿ ಹದಿಮೂರು ವರ್ಷ ಅದರ ಮೇಲೆ ಗದೆಯ ಸಾಧನೆ ಮಾಡಿದ್ದ. ಹೀಗಾಗಿಯೇ ತೊಡೆಗೆ ಹೊಡೆಯಬೇಕಾಯಿತು, ಗುರು ಬಲರಾಮ ಸಿಟ್ಟಿಗೇಳಬೇಕಾಯಿತು. ಎಂಟು ರಥರಿಗೆ ಸಮನಾದವನೂ ಬರಿಯ ಒಬ್ಬ ರಥನ ಅಭ್ಯಾಸದ ಮುಂದೆ ಕಷ್ಟಕ್ಕೆ ಸಿಕ್ಕಿದ.

ದೊಡ್ಡ ಯುದ್ಧ ಮುಗಿದ ಮೇಲೂ ವಾದ ನಿಲ್ಲಲಿಲ್ಲ. ದೀರ್ಘ ಧಾರಾವಾಹಿಗಳಲ್ಲಿ ಒಬ್ಬ ಶತ್ರು ಸತ್ತರೆ ಅವನಿಗಿಂತ ಬಲವಾದ ಇನ್ನೊಬ್ಬ ಬರುವಂತೆ, ಭಾರತದ ಕಥೆಗೂ ಹೊಸ ಎದುರಾಳಿಗಳು ಬಂದರು. ಜಾವಗಲ್‌ಗೆ ದೂರವೇನಲ್ಲದ ಕಡೂರು ತಾಲ್ಲೂಕಿನ ದೇವನೂರಿನ ಕವಿ ಎಂದು ಪ್ರಸಿದ್ಧನಾದ ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಅಶ್ವಮೇಧದ ಕುದುರೆಯ ಹಿಂದೆ ಹೊರಟ ಅರ್ಜುನನಿಗೆ ಊರೂರಿನಲ್ಲೂ ಪರೀಕ್ಷೆ. ಸುಧನ್ವನನ್ನು ಗೆಲ್ಲಲು ಕೃಷ್ಣ ತನ್ನ ಪುಣ್ಯವನ್ನೇ ಬಾಣಕ್ಕೆ ಧಾರೆಯೆರೆಯಬೇಕಾಗುತ್ತದೆ. ಬಭ್ರುವಾಹನನ ಎದುರು ಅರ್ಜುನನ ತಲೆಯೇ ಉರುಳುತ್ತದೆ.

ಈ ಬಭ್ರುವಾಹನ ಮೊದಲು ಕಾದಲು ಬಂದವನಲ್ಲ, ತಂದೆಯೆಂದು ಕಾಲಿಗೆರಗಲು ಬಂದವನು. ನೀನು ನನ್ನ ಮಗನೇ ಅಲ್ಲ ಎಂದು ಅರ್ಜುನ ಅವನ ಹುಟ್ಟನ್ನು ಜರೆದದ್ದರಿಂದ ಯುದ್ಧವಾಯಿತು. 1977ರ ‘ಬಭ್ರುವಾಹನ’ ಚಿತ್ರದಲ್ಲಿ ತಂದೆ ಮಗ ಎರಡೂ ಪಾತ್ರಗಳನ್ನು ರಾಜ್‌ಕುಮಾರ್ ಮಾಡಿದರು. ಇಬ್ಬರೂ ಒಬ್ಬರನ್ನೊಬ್ಬರು ಹಾಡಿನಲ್ಲೇ ಮೂದಲಿಸುವ ದೃಶ್ಯವನ್ನು ಕನ್ನಡಿಗರು ಇಂದಿಗೂ ಮರೆತಿಲ್ಲ.

ಇಲ್ಲಿ ಒಂದು ಸಾಮ್ಯವಿದೆ. ಕರ್ಣ ಮೊದಲ ಸಲ ರಂಗಭೂಮಿಗೆ ಇಳಿದು ಅರ್ಜುನನಿಗೆ ಸವಾಲು ಹಾಕಿದಾಗ ಕೃಪ ಕೇಳಿದ್ದು ಅವನ ಬಿಲ್ಲಿನ ಬಗ್ಗೆ ಅಲ್ಲ, ಕುಲದ ಬಗ್ಗೆ. ಬಭ್ರುವಾಹನನಿಗೂ ಅದೇ ಪ್ರಶ್ನೆ ಎದುರಾಯಿತು. ಯಾರ ಬಲ ಎಷ್ಟು ಎಂಬ ಮಾತು ನಮ್ಮ ಕಥೆಗಳಲ್ಲಿ ಮತ್ತೆ ಮತ್ತೆ ನೀನು ಯಾರ ಮಗ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಳತೆಗೆ ನಿಲ್ಲುವ ಹಕ್ಕೇ ಕೆಲವರಿಗೆ ಇರಲಿಲ್ಲ.

ಜಪಾನಿನ ಕಥೆಯಲ್ಲೂ ಇದೇ ಮುಳ್ಳು ಇರುವುದು ಕುತೂಹಲದ ಸಂಗತಿ. ಗೋಕು ಹುಟ್ಟಿದ ಕುಲದಲ್ಲಿ ಕೂಸಿನ ಬಲವನ್ನು ಹುಟ್ಟಿದೊಡನೆ ಅಳೆದು ದರ್ಜೆ ಕಟ್ಟುತ್ತಾರೆ. ಅವನು ಕೆಳದರ್ಜೆಯವನು, ವೆಜಿಟಾ ಅದೇ ಕುಲದ ರಾಜಕುಮಾರ. ಕೀಳು ಹುಟ್ಟಿನವನು ಮೇಲಿನವನನ್ನು ಮುಟ್ಟಲಾರ ಎಂಬುದು ವೆಜಿಟಾನ ನಂಬಿಕೆ. ಪಟ್ಟು ಹಿಡಿದು ದುಡಿದರೆ ಮೀರಬಹುದು ಎಂಬುದು ಗೋಕುವಿನ ಉತ್ತರ. ಗೋಕುವಿನ ಬಲ 8,000 ದಾಟಿತೆಂದು ಸ್ಕೌಟರ್ ತೋರಿಸಿದಾಗ ವೆಜಿಟಾ ಆ ಉಪಕರಣವನ್ನೇ ಕೈಯಲ್ಲಿ ಹಿಸುಕಿ ಪುಡಿ ಮಾಡುತ್ತಾನೆ. ಇಂಗ್ಲಿಷಿಗೆ ಬಂದಾಗ ಅದೇ ಅಂಕಿ 9,000 ಆಯಿತು! ಬಲವನ್ನು ಬೇಕಾದಂತೆ ಅಡಗಿಸಿ ಏರಿಸಬಲ್ಲ ವೀರರ ಮುಂದೆ ಉಪಕರಣ ನಿಲ್ಲಲಿಲ್ಲ. ಮುಂದೆ ಕಥೆಯಲ್ಲಿ ಅಂಕಿಗಳ ಮಾತೇ ಬಹುಮಟ್ಟಿಗೆ ನಿಂತುಹೋಯಿತು.

ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕದ ಹುಚ್ಚು ಇನ್ನೂ ಬಿಟ್ಟಿಲ್ಲ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟರ ಮುಂದೆ ಕೂತು ಕಂದಪದ್ಯ ಕಲಿಯುತ್ತಾರೆ. ಕೈಯಿಂದ ಹಣ ಹಾಕಿ ಪಾತ್ರ ವಹಿಸುತ್ತಾರೆ. ಭೀಮನ ಗದೆ ಹಿಡಿಯುವವರೂ ಬೇಕು, ದುರ್ಯೋಧನನ ಕಿರೀಟ ಇಡುವವರೂ ಬೇಕು. ಬೆಳಗಿನ ಜಾವ ಕರ್ಣ ರಥದ ಗಾಲಿ ಎತ್ತುವ ಹೊತ್ತಿಗೆ ಕಣ್ಣೊರೆಸಿಕೊಳ್ಳುವ ಪ್ರೇಕ್ಷಕರಿಗೆ ಭೀಷ್ಮ ಕೊಟ್ಟ ಅಂಕ ಮುಖ್ಯವಾಗಿ ಕಾಣುವುದಿಲ್ಲ. ಅವರದೇ ಒಂದು ಲೆಕ್ಕವಿದೆ. ಅದರಲ್ಲಿ ಕರ್ಣ ಎಂದೂ ಅರ್ಧವಾಗಿರಲಿಲ್ಲ.

ಆದ್ದರಿಂದ ಮನೆಯ ಹುಡುಗರು ಗೋಕು, ವೆಜಿಟಾ ಎಂದು ವಾದಕ್ಕೆ ಕೂತರೆ ಗದರಿಸಿ ಏಳಿಸಬೇಕಾಗಿಲ್ಲ. ಅಂಕಿ ಎಷ್ಟೆಂದು ಅವರು ಹೇಳಲಿ. ಆ ಅಂಕಿ ಕೊಟ್ಟವರು ಯಾರು, ಏಕೆ ಕೊಟ್ಟರು ಎಂದು ನಾವು ಕೇಳೋಣ. ಜೊತೆಗೆ ಕರ್ಣನ ಕಥೆಯನ್ನೂ ಒಮ್ಮೆ ಹೇಳೋಣ.